ನೊಸೆಯ ಗದ್ದೆ ಅಂಚಿನಲ್ಲಿ ಎರಡು ದಿನ



ಒಸಾಕಾಕ್ಕೆ ಬಂದ ಮೊದಲ ವರ್ಷ ನಾವೆಲ್ಲ ನೋಡೋದು ಒಂದೇ ಪಟ್ಟಿ. ಒಸಾಕಾ ಕೋಟೆ, ನಾರಾದ ಜಿಂಕೆ, ದೋತೊಂಬೊರಿಯಲ್ಲಿ ಓಡುವ ಮನುಷ್ಯನ ಬೋರ್ಡಿನ ಮುಂದೆ ಕೈ ಎತ್ತಿ ಒಂದು ಫೋಟೊ. ಎರಡನೇ ವರ್ಷ ಊರಿಂದ ಯಾರೋ ಬಂದರು ಅಂತ ಮತ್ತೆ ಅದೇ ಮೂರು ಜಾಗ. ಮೂರನೇ ವರ್ಷಕ್ಕೆ ಭಾನುವಾರ ಬಂದರೆ ಬಟ್ಟೆ ಒಗೆದು, ಒಂದು ವಾರಕ್ಕಾಗುವಷ್ಟು ಹುಳಿ ಮಾಡಿ ಫ್ರಿಜ್ಜಿಗಿಟ್ಟು ಮಲಗೋದು. ನಾನೂ ಹಾಗೇ ಇದ್ದೆ. ಹಿಗಾಶಿ ಒಸಾಕಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ನಾಲ್ಕು ವರ್ಷ ಆಯ್ತು. ಒಸಾಕಾ ಅಂದರೆ ಕಾಂಕ್ರೀಟು, ರೈಲು, ಎಣ್ಣೆ ವಾಸನೆ ಅಂತಲೇ ತಿಳಿದಿದ್ದೆ. ಇದೇ ಒಸಾಕಾ ಜಿಲ್ಲೆಯೊಳಗೆ ಗದ್ದೆ ಇದೆ, ಸಾವಿರ ವರ್ಷದ ಮರ ಇದೆ, ರಾತ್ರಿ ಮಿಣುಕುಹುಳ ಹಾರುತ್ತೆ ಅಂತ ಗೊತ್ತಾಗಿದ್ದು ಕಳೆದ ತಿಂಗಳು.

ಹೊರಡಿಸಿದ್ದು ಧಾರವಾಡದಕ್ಕ. ಅವರು ಇಲ್ಲಿ ವೃದ್ಧಾಶ್ರಮದಲ್ಲಿ ಕೈಗೊ ಕೆಲಸ ಮಾಡ್ತಾರೆ. "ಎಷ್ಟ ದಿವ್ಸ ಹಿಂಗ ಗೋಡಿ ನೋಡ್ಕೋತ ಕೂಡ್ತೀಯೋ ತಮ್ಮಾ? ಒಂದ ಎರಡ ದಿವ್ಸ ಹಳ್ಳಿಗೆ ಹೋಗೂಣ ನಡಿ" ಅಂದರು. ಮಂಡ್ಯದ ಗೆಳೆಯನೊಬ್ಬ ಇಂಡಿಯನ್ ಹೋಟೆಲಿನಲ್ಲಿ ಅಡುಗೆ ಮಾಡ್ತಾನೆ, ಅವನೂ ಸೇರಿದ. ಮೈಸೂರು ಕಡೆಯ ಐಟಿ ದಂಪತಿ, ಅವರ ಆರು ವರ್ಷದ ಮಗಳು. ಒಟ್ಟು ಆರು ಜನ. ಎಲ್ಲ ಸೇರಿ ನೊಸೆ ಎಂಬಲ್ಲಿ ಒಂದು ಗ್ಲ್ಯಾಂಪಿಂಗ್ ಜಾಗ ಹಿಡಿದೆವು.

ಗ್ಲ್ಯಾಂಪಿಂಗ್ ಅಂದರೆ ನಮ್ಮ ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇ ತರದ್ದೇ, ಮನೆ ಬದಲು ಗುಡಾರ. ಒಳಗೆ ಮಂಚ, ಹಾಸಿಗೆ, ಲೈಟು, ಏಸಿ, ಎಲ್ಲ ಇರುತ್ತೆ. ಹೊರಗೆ ಒಲೆ. ನೆಲದಲ್ಲಿ ಮಲಗಿ ಬೆನ್ನು ನೋಯಿಸಿಕೊಳ್ಳುವ ಕಷ್ಟ ಇಲ್ಲ. ಒಬ್ಬರೇ ಹೋದರೆ ದುಬಾರಿ, ಆರು ಜನ ಹಂಚಿಕೊಂಡರೆ ಪರವಾಗಿಲ್ಲ.

ಆದರೆ ಹೊರಡುವಾಗ ನನ್ನ ಮನಸ್ಸು ಅಷ್ಟು ಹಗುರ ಇರಲಿಲ್ಲ. ಅದಕ್ಕೆ ಹಿಂದಿನ ರಾತ್ರಿ ಊರಿಂದ ಬಂದ ಫೋನು ಕಾರಣ. ನಮ್ಮದು ತೀರ್ಥಹಳ್ಳಿ ಹತ್ತಿರ ಹಳ್ಳಿ. ಮನೆ ಕೆಳಗೆ ಒಂದು ಎಕರೆ ಮೂವತ್ತು ಗುಂಟೆ ಗದ್ದೆ, ಮೆಟ್ಟಿಲು ಮೆಟ್ಟಿಲಾಗಿ ಹಳ್ಳದವರೆಗೆ ಇಳಿಯುತ್ತೆ. ಆಳು ಸಿಗದೆ ಮೂರು ವರ್ಷದಿಂದ ಹಡ್ಲು ಬಿದ್ದಿದೆ. ಈಗ ಬೆಂಗಳೂರಿನ ಒಬ್ಬರು ಕೇಳ್ತಿದ್ದಾರಂತೆ. ರಸ್ತೆ ಹತ್ತಿರ, ಹಳ್ಳ ಕಾಣುತ್ತೆ, ಟೆಂಟ್ ಹಾಕಿ ಪ್ರವಾಸಿಗರನ್ನು ಕರೆಸುವ ಆಲೋಚನೆ ಅವರದು. "ಒಳ್ಳೆ ರೇಟು ಹೇಳ್ತಿದಾರೆ. ನೀ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಿಬಿಡು" ಅಂದ ಅಣ್ಣಯ್ಯ. "ಅಪ್ಪಯ್ಯ ಎಂತ ಹೇಳ್ತಾರೆ?" ಕೇಳಿದೆ. "ಅವರು ಎಂತದೂ ಹೇಳಲ್ಲ. ಸಂಜೆ ಹೋಗಿ ಗದ್ದೆ ಅಂಚಲ್ಲಿ ಕೂತ್ಕೊಳ್ತಾರೆ" ಅಂದ. ನೋಡಿ, ಊರಿನ ಗದ್ದೆಯಲ್ಲಿ ಟೆಂಟ್ ಬರುತ್ತೆ ಅನ್ನುವ ಸಂಕಟ ಹೊತ್ತು ನಾನು ಟೆಂಟಿನಲ್ಲಿ ಮಲಗಲು ಹೊರಟಿದ್ದೆ.

ಮೊದಲ ದಿನ: ಮ್ಯೋಕೆನ್‌ಗುಚಿಯಿಂದ ಕುರೊಕಾವಾ

ಉಮೇದಾದಿಂದ ಹಾಂಕ್ಯು ಕಂಪನಿಯ ತಕಾರಾಜುಕಾ ಲೈನಿನ ರೈಲು ಹತ್ತಿ ಕವಾನಿಶಿ-ನೊಸೆಗುಚಿಯಲ್ಲಿ ಇಳಿಯಬೇಕು. ಅಲ್ಲಿಂದ ನೊಸೆ ಡೆಂಟೆತ್ಸು ಎಂಬ ಸಣ್ಣ ರೈಲು. ಅದರ ಕೊನೆಯ ನಿಲ್ದಾಣ ಮ್ಯೋಕೆನ್‌ಗುಚಿ. ಯಮಾಶಿತಾ ನಿಲ್ದಾಣದಲ್ಲಿ ಲೈನು ಎರಡಾಗಿ ಒಡೆಯುತ್ತೆ, ಅಲ್ಲಿ ಸರಿಯಾಗಿ ಬೋರ್ಡು ನೋಡಿಕೊಳ್ಳಿ. ಎಲ್ಲ ಸೇರಿ ಒಂದು ಗಂಟೆಯ ದಾರಿ ಅಷ್ಟೆ. ಯಮಾಶಿತಾ ದಾಟಿದ ಮೇಲೆ ಕಿಟಕಿಗೆ ಮರದ ಕೊಂಬೆ ತಾಗುವ ಹಾಗೆ ರೈಲು ಕಾಡೊಳಗೆ ನುಗ್ಗುತ್ತೆ. ಮಂಡ್ಯದವನು "ಲೋ, ಇದು ಒಸಾಕಾನಾ ಇಲ್ಲ ಸಕಲೇಶಪುರನಾ?" ಅಂದ.

ದಂಪತಿ ಬಾಡಿಗೆ ಕಾರಿನಲ್ಲಿ ಮಗು, ಸಾಮಾನು ಹಾಕಿಕೊಂಡು ಮುಂದೆ ಹೋಗಿದ್ದರು. ನಾವು ಮೂವರು ನಿಲ್ದಾಣದಿಂದ ನಡೆದೆವು. ನಿಲ್ದಾಣದ ಪಕ್ಕದ ಊರು ದಾಟಿ, ಗದ್ದೆ ಬದಿಯಲ್ಲೇ 20-25 ನಿಮಿಷ ನಡೆದರೆ ಕುರೊಕಾವಾ. ಒಸಾಕಾ ಗಡಿ ದಾಟಿ ಹ್ಯೋಗೊ ಜಿಲ್ಲೆಗೆ ಕಾಲಿಟ್ಟಿರುತ್ತೀರಿ, ಆದರೆ ಗದ್ದೆಗೆ ಅದೇನೂ ಗೊತ್ತಿಲ್ಲ, ಆಚೆಗೂ ಈಚೆಗೂ ಒಂದೇ ನೀರು. ಹಳೆ ಪುಸ್ತಕಗಳಲ್ಲಿ ಇಲ್ಲಿಂದ ಮ್ಯೋಕೆನ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ ಅಂತ ಬರೆದಿರುತ್ತೆ. ಅದು 2023ರ ಡಿಸೆಂಬರಿನಲ್ಲಿ ನಿಂತುಹೋಗಿದೆ. 660 ಮೀಟರ್ ಬೆಟ್ಟ, ಹತ್ತುವವರು ಈಗ ಕಾಲಲ್ಲೇ ಹತ್ತಬೇಕು. ತುದಿಯಲ್ಲಿ ಧ್ರುವ ನಕ್ಷತ್ರವನ್ನು ದೇವರಾಗಿ ಪೂಜಿಸುವ ಬೌದ್ಧ ದೇವಸ್ಥಾನ ಇದೆ. ನಾವು ಹತ್ತಲಿಲ್ಲ. ಧಾರವಾಡದಕ್ಕನಿಗೆ ಹಿಂದಿನ ದಿನ ನೈಟ್ ಡ್ಯೂಟಿ ಆಗಿತ್ತು.

ಕುರೊಕಾವಾದಲ್ಲಿ ನನಗೆ ಆಶ್ಚರ್ಯ ತಂದದ್ದು ಮರಗಳು. ಕುನುಗಿ ಅಂತ ಒಂದು ಜಾತಿ. ಬುಡ ದಪ್ಪ, ಆಳೆತ್ತರದಲ್ಲಿ ಮುಂಡ ಕಡಿದ ಹಾಗೆ ಗಂಟುಗಂಟು, ಅದರ ಮೇಲೆ ಬೆರಳುಗಳ ಹಾಗೆ ನೆಟ್ಟಗೆ ಎದ್ದ ಕೊಂಬೆಗಳು. ಇವನ್ನು ಬುಡದಿಂದ ಕಡಿಯೋದಿಲ್ಲ. ಎಂಟು ಹತ್ತು ವರ್ಷಕ್ಕೊಮ್ಮೆ ಮೇಲಿನ ಕೊಂಬೆ ಮಾತ್ರ ಕಡಿದು ಇದ್ದಿಲು ಸುಡ್ತಾರೆ. ಮರ ಮತ್ತೆ ಚಿಗುರುತ್ತೆ. ಇದ್ದಿಲನ್ನು ಅಡ್ಡ ಕತ್ತರಿಸಿದರೆ ಸೇವಂತಿಗೆ ಹೂವಿನ ಹಾಗೆ ಗೆರೆ ಕಾಣುತ್ತೆ, ಅದಕ್ಕೆ ಕಿಕುಜುಮಿ, ಸೇವಂತಿಗೆ ಇದ್ದಿಲು ಅಂತ ಹೆಸರು. ಜಪಾನೀಯರ ಚಹಾ ಪದ್ಧತಿಯಲ್ಲಿ ಇದಕ್ಕೆ ಬಹಳ ಬೆಲೆ. ಹಿಂದೆ ಇಕೆದಾ ಪೇಟೆಗೆ ಹೋಗಿ ಮಾರಾಟ ಆಗುತ್ತಿದ್ದರಿಂದ ಇಕೆದಾ ಇದ್ದಿಲು ಅಂತಲೂ ಕರೀತಾರೆ.

ಊರಿನ ಪಕ್ಕದಲ್ಲಿ ಹೀಗೆ ಮನುಷ್ಯ ಬಳಸುತ್ತಾ, ಬಳಸುತ್ತಲೇ ಉಳಿಸಿದ ಕಾಡಿಗೆ ಇಲ್ಲಿ ಸಾತೊಯಾಮಾ ಅಂತಾರೆ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ನಮ್ಮ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ಎಲ್ಲ ಅಲ್ಲಿಂದಲೇ ಬರಬೇಕು, ಆದರೆ ಮರ ಸಾಯಬಾರದು. ಗ್ಯಾಸ್ ಬಂದ ಮೇಲೆ ನಮ್ಮಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಕಡಿಮೆಯಾದರು. ಇಲ್ಲೂ ಅದೇ ಕತೆ. ಕಡಿಯುವವರಿಲ್ಲದ ಕಡೆ ಕುನುಗಿಯ ಕೊಂಬೆ ಬೆಳೆದು ಬೆಳೆದು ಭಾರಕ್ಕೆ ಬುಡವೇ ಸೀಳುತ್ತಂತೆ. ಬಳಸದೇ ಬಿಟ್ಟರೆ ಕೆಡುವ ವಸ್ತು ಅದು. ನನಗೆ ಊರಿನ ಹಡ್ಲು ಗದ್ದೆ ನೆನಪಾಯ್ತು.

ದಾರಿಯಲ್ಲಿ ಕಲ್ಲಿನ ಸಣ್ಣ ಜಿಜೊ ಮೂರ್ತಿ, ಕೊರಳಿಗೆ ಕೆಂಪು ಬಟ್ಟೆ, ಮುಂದೆ ಒಂದು ಲೋಟ ನೀರು. ಧಾರವಾಡದಕ್ಕ ಚಪ್ಪಲಿ ಬಿಟ್ಟು ಕೈ ಮುಗಿದರು. "ಯಾವ ದೇವ್ರಾದ್ರೇನೋ, ದಾರ್ಯಾಗ ನಿಂತು ಕಾಯ್ತಾನಲ್ಲ" ಅಂದರು.

ಗುಡಾರದ ಕೆಳಗಿನ ಕಲ್ಲು

ಸಂಜೆ ಹೊತ್ತಿಗೆ ನಮ್ಮ ಜಾಗ ಸೇರಿದೆವು. ನಾಲ್ಕೈದು ಬಿಳಿ ಗುಡಾರ, ಮುಂದೆ ಮರದ ಅಟ್ಟಣೆ, ಕೆಳಗೆ ಕಣಿವೆ. ಮಗು ಹಾಸಿಗೆ ಮೇಲೆ ಹಾರಿದ್ದೇ ಹಾರಿದ್ದು. ಮಂಡ್ಯದವನು ಹೊರಗಿನ ಒಲೆ ಹಿಡಿದು ಬದನೆಕಾಯಿ ಸುಟ್ಟ, ಜೋಳ ಸುಟ್ಟ. ಮನೆಯಿಂದ ತಂದ ರಾಗಿ ಹಿಟ್ಟಲ್ಲಿ ಮುದ್ದೆ ತಿರುವಿದ. ಪಕ್ಕದ ಗುಡಾರದ ಜಪಾನಿ ಕುಟುಂಬ ಬಂದು ಅದೇನು ಅಂತ ನೋಡಿಕೊಂಡು ಹೋಯ್ತು. ಒಂದು ಸಣ್ಣ ತುಂಡು ಕೊಟ್ಟೆವು. ಅಗಿಯಬಾರದು, ನುಂಗಬೇಕು ಅಂತ ಹೇಳಿಕೊಡೋದೇ ದೊಡ್ಡ ಕೆಲಸ ಆಯ್ತು.

ನಾನು ಕೈ ತೊಳೆಯಲು ಹೋದಾಗ ನೋಡಿದೆ. ನಮ್ಮ ಗುಡಾರ ನಿಂತ ನೆಲದ ಅಂಚಿಗೆ ಕಲ್ಲು ಕಟ್ಟಿದ್ದಾರೆ. ಅದರ ಕೆಳಗೆ ಇನ್ನೊಂದು ಮಟ್ಟ, ಅದಕ್ಕೂ ಕಲ್ಲು. ಇದು ಗದ್ದೆ! ನೀರು ಬರುವ ತೂಬು ಕೂಡ ಮುಚ್ಚದೆ ಹಾಗೇ ಇತ್ತು. ಜಾಗ ನಡೆಸುವ ಅಮ್ಮನನ್ನು ನನ್ನ ಹರಕು ಜಪಾನಿಯಲ್ಲಿ ಕೇಳಿದೆ. ಹೌದು, ಮಾವನವರ ಗದ್ದೆ, ಅವರು ಮುದುಕರಾದ ಮೇಲೆ ಉಳುವವರಿರಲಿಲ್ಲ, ಹತ್ತು ವರ್ಷ ಹುಲ್ಲು ಬೆಳೆದಿತ್ತು ಅಂದರು. ಆಮೇಲೆ ಕೆಳಗೆ ಕೈ ತೋರಿಸಿದರು. ಕೆಳಗಿನ ಮೂರು ಮಟ್ಟದಲ್ಲಿ ನೀರು ನಿಂತಿತ್ತು, ಎಳೆ ಸಸಿ ಆಗಷ್ಟೇ ತಲೆ ಎತ್ತಿತ್ತು. "ಮೇಲಿನದು ಅತಿಥಿಗಳಿಗೆ, ಕೆಳಗಿನದು ಅನ್ನಕ್ಕೆ" ಅಂದರು. ಮಾರನೆ ದಿನ ಬೆಳಗಿನ ತಿಂಡಿಗೆ ಕೊಡುವ ಅನ್ನ ಆ ಮೂರು ಮಟ್ಟದ್ದೇ.

2025ರಲ್ಲಿ ಅಕ್ಕಿ ಬೆಲೆ ಏನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಸೂಪರ್ ಮಾರ್ಕೆಟ್ಟಿನಲ್ಲಿ 5 ಕಿಲೊ ಚೀಲ 4000 ಯೆನ್ ದಾಟಿತು, ಹಿಂದಿನ ವರ್ಷದ ಹೆಚ್ಚುಕಡಿಮೆ ಎರಡರಷ್ಟು. ಸರ್ಕಾರದ ದಾಸ್ತಾನಿನ ಅಕ್ಕಿ ಬಂದಾಗ ಬೆಳಿಗ್ಗೆಯೇ ಸಾಲು ನಿಂತವರಲ್ಲಿ ನಾನೂ ಒಬ್ಬ. ಗದ್ದೆ ಇರುವ ಮನೆಯ ಮಗ ಪರದೇಶದಲ್ಲಿ ಅಕ್ಕಿಗೆ ಸಾಲು ನಿಂತಿದ್ದೆ. ಅವತ್ತು ಅದು ತಮಾಷೆ ಅನ್ನಿಸಿತ್ತು, ಈ ಸಂಜೆ ಅನ್ನಿಸಲಿಲ್ಲ.

ಕತ್ತಲಾದ ಮೇಲೆ ಆ ಅಮ್ಮ ನಮ್ಮನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋದರು. ಟಾರ್ಚ್ ಆರಿಸಿ ಅಂದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು, ಎರಡು, ಹತ್ತು. ಗೆಂಜಿ ಹೊತಾರು ಅನ್ನುವ ದೊಡ್ಡ ಜಾತಿಯ ಮಿಣುಕುಹುಳ, ಜೂನ್ ತಿಂಗಳಲ್ಲಿ ಕೆಲವೇ ದಿನ ಕಾಣೋದು. ಇದರ ಮರಿ ನೀರಲ್ಲೇ ಬೆಳೆಯೋದು, ಹಾಗಾಗಿ ಹಳ್ಳ ಕೆಟ್ಟರೆ ಇದೂ ಇಲ್ಲ. ಮೈಸೂರಿನ ಮಗು ಒಸಾಕಾದಲ್ಲೇ ಹುಟ್ಟಿದ್ದು, ಅದು ಮಿಣುಕುಹುಳ ನೋಡಿದ್ದೇ ಮೊದಲು. "ಅಪ್ಪಾ, ಇದಕ್ಕೆ ಬ್ಯಾಟರಿ ಎಲ್ಲಿದೆ?" ಅಂತ ಕೇಳಿತು. ಎಲ್ಲರೂ ನಕ್ಕೆವು. ಅಕ್ಕ ಮಾತ್ರ ನಗದೆ ಸುಮ್ಮನೆ ನಿಂತಿದ್ದರು. ಅವರ ಮಗಳು ಧಾರವಾಡದಲ್ಲಿ ಅಜ್ಜಿ ಹತ್ತಿರ ಇದ್ದಾಳೆ, ಅವಳಿಗೂ ಆರು ವರ್ಷ.

ಎರಡನೇ ದಿನ: ಸಾವಿರ ವರ್ಷದ ಮರ

ಬೆಳಿಗ್ಗೆ ಬೇಗ ಎದ್ದು ನೊಮಾ ಎಂಬಲ್ಲಿನ ದೊಡ್ಡ ಕೆಯಾಕಿ ಮರ ನೋಡಲು ಹೋದೆವು. ವಯಸ್ಸು ಸಾವಿರ ವರ್ಷಕ್ಕೆ ಮೇಲೆ. ಎತ್ತರ ಸುಮಾರು 30 ಮೀಟರ್, ಬುಡದ ಸುತ್ತಳತೆ ಸುಮಾರು 14 ಮೀಟರ್. 1948ರಲ್ಲಿ ಇದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಾವು ಆರು ಜನ ಕೈ ಹಿಡಿದು ನಿಂತರೂ ಸುತ್ತು ಮುಗಿಯದು. ಬೇರಿಗೆ ಪೆಟ್ಟಾಗಬಾರದು ಅಂತ ಬೇಲಿ ಇದೆ, ಅದರ ಹೊರಗೆ ನಿಂತೇ ನೋಡಬೇಕು. ಮೇ ತಿಂಗಳಿಂದ ಜುಲೈವರೆಗೆ ಈ ಮರದಲ್ಲಿ ಗೂಬೆ ಜಾತಿಯ ಅಒಬಾಜುಕು ಹಕ್ಕಿ ಗೂಡು ಮಾಡುತ್ತೆ. ಉದ್ದನೆ ಲೆನ್ಸಿನ ಕ್ಯಾಮೆರಾ ಹಿಡಿದ ಅಜ್ಜಂದಿರು ಸ್ಟೂಲ್ ಹಾಕಿಕೊಂಡು ಕೂತಿದ್ದರು. ಒಬ್ಬರು ಮಗುವಿಗೆ ತಮ್ಮ ಕ್ಯಾಮೆರಾದಲ್ಲಿ ಹಕ್ಕಿ ತೋರಿಸಿದರು.

ಹಿಂದೆ ಈ ಸೀಮೆಯ ರೈತರು ವಸಂತದಲ್ಲಿ ಈ ಮರದ ಚಿಗುರು ಹೇಗೆ ಬಂತು ಅಂತ ನೋಡಿ ಆ ವರ್ಷದ ಬೆಳೆ ಹೇಗೆ ಅಂತ ಹೇಳ್ತಿದ್ದರಂತೆ. ನಮ್ಮಲ್ಲಿ ಮಾವಿನ ಹೂವು ನೋಡಿ, ಇರುವೆ ಮೊಟ್ಟೆ ಹೊತ್ತು ಹೋಗೋದು ನೋಡಿ ಮಳೆ ಲೆಕ್ಕ ಹಾಕುವ ಹಾಗೆ.

ನೊಸೆಯಲ್ಲಿ ಇನ್ನೊಂದು ವಿಷಯ ಇದೆ, ಕರಾವಳಿ ಮಲೆನಾಡಿನವರು ಕೇಳಲೇಬೇಕು. ಇಲ್ಲಿ ಸುಮಾರು 200 ವರ್ಷದಿಂದ ಜೊರುರಿ ಎಂಬ ಕತೆ ಹೇಳುವ ಕಲೆ ಇದೆ. ಬೊಂಬೆ ಇಲ್ಲ, ವೇಷ ಇಲ್ಲ. ಒಬ್ಬ ಕೂತು ಎಲ್ಲ ಪಾತ್ರದ ಮಾತನ್ನೂ ಹೇಳ್ತಾನೆ, ಪಕ್ಕದಲ್ಲಿ ಒಬ್ಬ ಶಮಿಸೆನ್ ಎಂಬ ತಂತಿವಾದ್ಯ ನುಡಿಸ್ತಾನೆ. ಹೇಳುವವರು ಊರಿನ ರೈತರು, ಅಂಗಡಿಯವರು. ಬೊಂಬೆ ಸೇರಿಸಿದ್ದು 1998ರಲ್ಲಿ. ತಾಳಮದ್ದಳೆ ಕೇಳಿ ಬೆಳೆದವನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿಸಿ ಬಂದು ರಾತ್ರಿ ಅರ್ಥ ಹೇಳುತ್ತಿದ್ದ ನಮ್ಮ ಊರಿನ ಹಿರಿಯರಿಗೆ ಇಲ್ಲಿ ಅಣ್ಣತಮ್ಮಂದಿರಿದ್ದಾರೆ ಅಂತ ಆಯ್ತು.

ನಾಗತಾನಿಯ ಮೆಟ್ಟಿಲು ಗದ್ದೆ

ಅಲ್ಲಿಂದ ಕಾರಿನಲ್ಲಿ ನಾಗತಾನಿಗೆ ಹೋದೆವು. ಬಸ್ಸಿನಲ್ಲಿ ಬರುವವರು ಯಮಾಶಿತಾ ಕಡೆಯಿಂದ ಬರಬೇಕು, ಆದರೆ ಬಸ್ಸು ಬಹಳ ಕಡಿಮೆ. ನಾಗತಾನಿ ಇರೋದು ಮಿಕುಸಾ ಬೆಟ್ಟದ ಬುಡದಲ್ಲಿ. 1999ರಲ್ಲಿ ಜಪಾನ್ ಸರ್ಕಾರ ದೇಶದ ನೂರು ಅತ್ಯುತ್ತಮ ಮೆಟ್ಟಿಲು ಗದ್ದೆಗಳನ್ನು ಆರಿಸಿದಾಗ ಇದೂ ಆ ಪಟ್ಟಿಗೆ ಸೇರಿತು. ಕೆಳಗಿನ ರಸ್ತೆಯಿಂದ ಮೇಲೆ ನೋಡಿದರೆ ಕಲ್ಲು, ನೀರು, ಕಲ್ಲು, ನೀರು. ನಡುವೆ ಹಳೆ ಹುಲ್ಲು ಮಾಡಿನ ಮನೆಗಳು. ಗದ್ದೆಗಳ ಅಡಿಯಲ್ಲಿ ಕಲ್ಲು ಕಟ್ಟಿದ ಸುರಂಗದಂಥ ಕಾಲುವೆಗಳಿವೆ, ಇಲ್ಲಿಯವರು ಗಾಮಾ ಅಂತಾರೆ. ಬೆಟ್ಟದ ನೀರು ಅದರೊಳಗೆ ಹರಿಯುತ್ತೆ. ಮೇಲೆ ನಿಂತರೆ ಕಾಣಲ್ಲ, ಸದ್ದು ಮಾತ್ರ ಕೇಳುತ್ತೆ.

564 ಮೀಟರಿನ ಮಿಕುಸಾ ಬೆಟ್ಟಕ್ಕೆ ಇಲ್ಲಿಂದ ಕಾಲುದಾರಿ ಇದೆ. ಅಲ್ಲಿ ಕುನುಗಿ, ನಾರಾ ಜಾತಿಯ ಮರಗಳ ಒಂದು ಭಾಗವನ್ನು ಜೆಫಿರಸ್ ಕಾಡು ಅಂತ ಉಳಿಸಿಕೊಂಡಿದ್ದಾರೆ. ಜೆಫಿರಸ್ ಅಂದರೆ ಹಸಿರು ನೀಲಿ ಹೊಳೆಯುವ ಸಣ್ಣ ಚಿಟ್ಟೆಗಳು, ಜೂನ್ ತಿಂಗಳಲ್ಲೇ ಹಾರೋದು. ದಂಪತಿ ಮಗುವನ್ನು ಕರೆದುಕೊಂಡು ಆ ಕಡೆ ಹೊರಟರು. ನನಗೆ ಗದ್ದೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಒಂದು ಸಣ್ಣ ಗದ್ದೆಯಲ್ಲಿ ಅಜ್ಜರೊಬ್ಬರು ಒಬ್ಬರೇ ನಟ್ಟಿ ಮಾಡ್ತಿದ್ದರು. ಯಂತ್ರ ನೆಟ್ಟುಹೋಗಿದ್ದ ಸಾಲು ನೆಟ್ಟಗಿತ್ತು. ಮೂಲೆಗಳಿಗೆ ಯಂತ್ರ ತಿರುಗಲ್ಲ, ಅದನ್ನು ಕೈಯಲ್ಲೇ ತುಂಬಬೇಕು. ನಾನು ರಸ್ತೆಯಿಂದಲೇ ತಲೆ ಬಗ್ಗಿಸಿ ನಮಸ್ಕಾರ ಹೇಳಿದೆ. ಎಲ್ಲಿಂದ ಅಂತ ಕೇಳಿದರು. ಇಂದೊ, ಅಂದೆ. ಇಂಡಿಯಾದಲ್ಲೂ ಹೀಗೇ ನೆಡ್ತಾರಾ ಅಂದರು. ನನ್ನ ಮನೆಯಲ್ಲೂ ಇದೇ ತರದ ಗದ್ದೆ ಇದೆ ಅಂತ ಫೋನಿನಲ್ಲಿದ್ದ ಹಳೆ ಫೋಟೊ ತೋರಿಸಿದೆ. ಅಮ್ಮ ಗೊರಬು ಹೊತ್ತು ಅಗೆ ಕಟ್ಟು ಹಿಡಿದು ನಿಂತ ಫೋಟೊ. ಅಜ್ಜ ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. ಅವರ ಅಮ್ಮನೂ ಹುಲ್ಲಿನ ಹೊದಿಕೆ ಹೊತ್ತೇ ನೆಡುತ್ತಿದ್ದರಂತೆ.

ಆಮೇಲೆ ಒಂದು ಹಿಡಿ ಸಸಿ ತೆಗೆದು ನನ್ನ ಕಡೆ ಚಾಚಿದರು.

ಶೂ ಬಿಚ್ಚಿ ಪ್ಯಾಂಟ್ ಮಡಚಿ ಇಳಿದೆ. ಕೆಸರು ತಣ್ಣಗಿತ್ತು, ಊರಿನದಕ್ಕಿಂತ ತಣ್ಣಗೆ. ಕೈ ಮರೆತಿರಲಿಲ್ಲ. ಮೂರು ಮೂರು ಸಸಿ ಎಣಿಸದೇ ಬಂತು, ಕಾಲು ತಾನೇ ಹಿಂದೆ ಹಿಂದೆ ಹೋಯ್ತು. ಹತ್ತು ನಿಮಿಷದಲ್ಲಿ ಆ ಮೂಲೆ ಮುಗಿಯಿತು. ಬೆನ್ನು ನೆಟ್ಟಗೆ ಮಾಡುವಾಗ ನೋವು ಗೊತ್ತಾಯ್ತು. ಹತ್ತು ನಿಮಿಷಕ್ಕೇ ಈ ನೋವು!

ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿದೆ. ಇಬ್ಬರೂ ತೋಕ್ಯೊದಲ್ಲಿ. ಹೊಸ ವರ್ಷಕ್ಕೆ, ಬೊನ್ ಹಬ್ಬಕ್ಕೆ ಬರ್ತಾರೆ. "ಮುಂದೆ?" ಅಂದೆ. ಅಜ್ಜ ಮೇಲಿನ ಎರಡು ಮಟ್ಟದ ಕಡೆ ನೋಡಿದರು. ಅಲ್ಲಿ ನೀರಿರಲಿಲ್ಲ, ಎದೆಮಟ್ಟ ಹುಲ್ಲು. "ನಾನು ಇರುವವರೆಗೆ ಇಷ್ಟು" ಅಂದರು. ಅದರಲ್ಲಿ ದುಃಖ ಅಂತ ಏನೂ ಇರಲಿಲ್ಲ, ಇವತ್ತಿನ ಕೆಲಸ ಇಷ್ಟು ಅಂದ ಹಾಗೆ ಹೇಳಿದರು. ಒಂದೇ ಮಾತು ಸೇರಿಸಿದರು: ಬಿಡೋದು ಸುಲಭ, ಆದರೆ ಮೇಲಿನ ಗದ್ದೆ ಬಿಟ್ಟರೆ ಕಲ್ಲು ಜರಿದು ಕೆಳಗಿನ ಗದ್ದೆಯವನಿಗೆ ತೊಂದರೆ.

ಜಪಾನಿನಲ್ಲಿ ಇಂಥ ಗದ್ದೆ ಉಳಿಸಲು ಒಂದು ದಾರಿ ಕಂಡುಕೊಂಡಿದ್ದಾರೆ. ಪಟ್ಟಣದ ಜನ ವರ್ಷಕ್ಕೆ ಇಷ್ಟು ಅಂತ ಹಣ ಕೊಟ್ಟು ಒಂದು ತುಂಡು ಗದ್ದೆಯ 'ಓನರ್' ಆಗ್ತಾರೆ. ನಟ್ಟಿಗೂ ಕೊಯ್ಲಿಗೂ ಬರ್ತಾರೆ, ಅಕ್ಕಿ ತಗೊಂಡು ಹೋಗ್ತಾರೆ, ಉಳಿದ ದಿನ ಊರಿನವರು ನೋಡಿಕೊಳ್ತಾರೆ. ಮೊದಲು ಶುರುವಾಗಿದ್ದು 1992ರಲ್ಲಿ ಕೋಚಿ ಜಿಲ್ಲೆಯ ಯುಸುಹಾರಾದಲ್ಲಿ. ಎಲ್ಲ ಕಡೆ ನಡೆಯುತ್ತೆ ಅಂತಲ್ಲ. ಆದರೆ ಇಟ್ಟರೆ ಪೂರ್ತಿ, ಬಿಟ್ಟರೆ ಪೂರ್ತಿ ಅನ್ನೋದೇ ದಾರಿ ಅಲ್ಲ ಅನ್ನೋದು ನನಗೆ ಇಲ್ಲಿ ಹೊಳೆಯಿತು.

ಅಣ್ಣಯ್ಯನ ಜೊತೆ ಮಾತು

ಅವತ್ತು ರಾತ್ರಿ ಮನೆಗೆ ಬಂದು ಅಣ್ಣಯ್ಯನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಐದೂವರೆ. ಈ ಸಲ ಮಳೆ ಬೇಗ ಹಿಡಿದಿದೆ, ಹಂಚಿನ ಮೇಲಿನ ಸದ್ದು ಫೋನಿನಲ್ಲೇ ಕೇಳ್ತಿತ್ತು. ನೋಡಿದ್ದನ್ನೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ, "ಆಯ್ತು ಮಾರಾಯ, ನೀ ಅಲ್ಲಿ ಒಂದು ಮೂಲೆ ನೆಟ್ಟು ಬಂದೆ. ಇಲ್ಲಿ ಒಂದು ಎಕರೆ ಮೂವತ್ತು ಗುಂಟೆ ಇದೆ. ಆಳು ಎಲ್ಲಿಂದ ತರ್ತೀಯ? ಹಂದಿ ಯಾರು ಕಾಯ್ತಾರೆ? ನೀ ಚಂದ ನೋಡೋನು, ಕೆಸರಿಗೆ ಇಳಿಯೋನು ನಾನು" ಅಂದ.

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ದೂರದಲ್ಲಿ ಇರುವವನಿಗೆ ಊರು ಯಾವಾಗಲೂ ಚಂದ. ಅಪ್ಪಯ್ಯನ ಬಿಪಿ ಮಾತ್ರೆ ತರೋನು ಅವನು, ಕರೆಂಟು ಹೋದರೆ ಲೈನ್‌ಮನ್ ಹುಡುಕೋನು ಅವನು. ನಾನು ದುಡ್ಡು ಕಳಿಸ್ತೀನಿ, ಅಷ್ಟೆ. ಅದಕ್ಕೆ ನಾನು ಗದ್ದೆ ಮಾರಬೇಡ ಅಂತ ಹೇಳಲಿಲ್ಲ. ಒಂದು ಕೇಳಿದೆ: ಮಾರುವ ಬದಲು ರಸ್ತೆ ಕಡೆಯ ಮೇಲಿನ ಮಟ್ಟ ಮಾತ್ರ ಬಾಡಿಗೆಗೆ ಕೊಡಬಹುದಾ ಅಂತ ಕಾನೂನು ಗೊತ್ತಿರುವವರ ಹತ್ತಿರ ವಿಚಾರಿಸೋಣ, ಹಳ್ಳದ ಕಡೆಯ ಅರ್ಧ ಎಕರೆ ಊಟಕ್ಕೆ ಅಂತ ಇಟ್ಟುಕೊಳ್ಳೋಣ, ಅದರ ನಟ್ಟಿ ಖರ್ಚು ನಂದು, ಈ ವರ್ಷ ನಟ್ಟಿಗೆ ನಾನೇ ಬರ್ತೀನಿ.

"ನೀನಾ? ರಜೆ ಕೊಡ್ತಾರಾ?"

"ಕೊಡ್ಲೇಬೇಕು" ಅಂದೆ.

ಸ್ವಲ್ಪ ಹೊತ್ತು ಬರೀ ಮಳೆ ಸದ್ದು. ಆಮೇಲೆ, "ಅಪ್ಪಯ್ಯಂಗೆ ಕೊಡ್ತೀನಿ, ನೀನೇ ಹೇಳು" ಅಂದ. ಅಪ್ಪಯ್ಯ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಅಗೆ ಎಷ್ಟು ದಿನದ್ದು ನೆಡ್ತಾರೆ?" ನನಗೆ ಗೊತ್ತಿರಲಿಲ್ಲ. "ಕೇಳ್ಕೊಂಡು ಬಾ" ಅಂದರು.

ಪವರ್ ಆಫ್ ಅಟಾರ್ನಿ ಮಾಡಿಸಲಿಲ್ಲ. ಬೆಂಗಳೂರಿನವರಿಗೆ ಅಣ್ಣಯ್ಯ ಇನ್ನೂ ಇಲ್ಲ ಅಂತಲೂ ಹೇಳಿಲ್ಲ. ಮುಂದೇನು ಅಂತ ಊರಿಗೆ ಹೋದ ಮೇಲೇ ಗೊತ್ತಾಗಬೇಕು. ಭೂಮಿ ಹುಣ್ಣಿಮೆ ಹೊತ್ತಿಗೆ ಬಯಕೆ ಇಕ್ಕಲು ಅರ್ಧ ಎಕರೆಯಾದರೂ ಹಸಿರು ಇರಲಿ ಅನ್ನೋದು ನನ್ನ ಆಸೆ.

ಹೋಗುವವರಿಗೆ ನಾಲ್ಕು ಮಾತು

ರಜೆ: ಆರು ತಿಂಗಳು ಕೆಲಸ ಮಾಡಿ, 80 ಶೇಕಡಾ ಹಾಜರಿ ಇದ್ದರೆ ಪೂರ್ಣಾವಧಿ ಕೆಲಸಗಾರರಿಗೆ 10 ದಿನ ಸಂಬಳದ ರಜೆ, ಯುಕ್ಯು, ಕಾನೂನಿನ ಪ್ರಕಾರ ಸಿಗಬೇಕು. 2019ರ ಏಪ್ರಿಲಿನಿಂದ, 10 ದಿನ ಇರುವವರಿಗೆ ವರ್ಷಕ್ಕೆ ಕನಿಷ್ಠ 5 ದಿನ ರಜೆ ಕೊಟ್ಟು ಕಳಿಸೋದು ಕಂಪನಿಯ ಕರ್ತವ್ಯ. ವಿದೇಶಿ ಕೆಲಸಗಾರರಿಗೂ ಇದೇ ಕಾನೂನು. ನಮ್ಮ ಎಷ್ಟೋ ಜನ ಕೇಳಲು ಸಂಕೋಚ ಪಡ್ತಾರೆ. ನಾಲ್ಕು ವರ್ಷ ನಾನೂ ಹಾಗೇ ಕಳೆದೆ. ಮೊದಲೇ ತಿಳಿಸಿ, ಬರವಣಿಗೆಯಲ್ಲಿ ಕೇಳಿ.

ಊಟ: ಗ್ಲ್ಯಾಂಪಿಂಗ್ ಊಟದ ಸೆಟ್ಟಿನಲ್ಲಿ ಸಾಮಾನ್ಯವಾಗಿ ದನ ಮತ್ತು ಹಂದಿ ಮಾಂಸ ಇರುತ್ತೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಇಲ್ಲವೇ ಊಟ ಬಿಟ್ಟು ಜಾಗ ಮಾತ್ರ ತಗೊಳ್ಳಿ. ಚಿತ್ರಾನ್ನದ ಬುತ್ತಿ ಇದ್ದರೆ ಯಾವ ಚಿಂತೆಯೂ ಇಲ್ಲ. ಹಳ್ಳಿಯಲ್ಲಿ ಅಂಗಡಿ ದೂರ. ಕಸ ನಿಮ್ಮ ಚೀಲದಲ್ಲೇ ವಾಪಸ್ ತನ್ನಿ.

ದಾರಿ: ಗದ್ದೆ ಅಂಚಿನ ಮೇಲೆ ಕೇಳದೆ ಕಾಲಿಡಬೇಡಿ, ಅದು ಯಾರದ್ದೋ ಮಣ್ಣಿನ ಕೆಲಸ. ಜಿಂಕೆ, ಹಂದಿಗೆ ಅಂತ ವಿದ್ಯುತ್ ಬೇಲಿ ಹಾಕಿರ್ತಾರೆ, ಮುಟ್ಟಬೇಡಿ. ಬೇಲಿಯ ಗೇಟು ತೆಗೆದರೆ ಮುಚ್ಚಿ. ಹುಲ್ಲಲ್ಲಿ ಮಾಮುಶಿ ಎಂಬ ವಿಷದ ಹಾವು ಇರಬಹುದು, ಬೇಸಿಗೆ ಕೊನೆಯಿಂದ ಶರತ್ಕಾಲದವರೆಗೆ ದೊಡ್ಡ ಕಣಜದ ಕಾಟ. ಉದ್ದ ಪ್ಯಾಂಟು, ಗಟ್ಟಿ ಶೂ ಹಾಕಿ. ವಾಪಸ್ ಬಸ್ಸಿನ ವೇಳೆ ನೋಡಿಕೊಂಡೇ ಹೊರಡಿ. ಜೈರ್ಯು ಕಾರ್ಡು ಸದಾ ಜೇಬಿನಲ್ಲಿರಲಿ. ಆಂಬುಲೆನ್ಸಿಗೆ 119, ಪೊಲೀಸರಿಗೆ 110.

ಒಂದೇ ದಿನ ಸಿಕ್ಕರೆ: ಮಿನೊಒ ಜಲಪಾತಕ್ಕೆ ಹೋಗಿ. ಹಾಂಕ್ಯು ಮಿನೊಒ ನಿಲ್ದಾಣದಿಂದ 2.8 ಕಿಲೊಮೀಟರ್, ಮಕ್ಕಳ ತಳ್ಳುಗಾಡಿಯೂ ಹೋಗುವಂಥ ದಾರಿ, ಕೊನೆಯಲ್ಲಿ 33 ಮೀಟರಿನ ಜಲಪಾತ. ತೋಕ್ಯೊದ ತಕಾವೊ ಬೆಟ್ಟದವರೆಗೆ ಸುಮಾರು 1700 ಕಿಲೊಮೀಟರ್ ಹೋಗುವ ತೋಕಾಯ್ ಕಾಲುದಾರಿ ಶುರುವಾಗೋದೂ ಈ ಮಿನೊಒದಲ್ಲೇ. ದಕ್ಷಿಣದ ಕಡೆ ಇರುವವರು ಚಿಹಾಯಾ-ಅಕಸಾಕಾಕ್ಕೆ ಹೋಗಿ, ಒಸಾಕಾ ಜಿಲ್ಲೆಯಲ್ಲಿ ಉಳಿದಿರುವ ಒಂದೇ ಒಂದು 'ಹಳ್ಳಿ' ಅದು. ಅಲ್ಲಿಯ ಶಿಮೊ-ಅಕಸಾಕಾ ಮೆಟ್ಟಿಲು ಗದ್ದೆಯೂ ನೂರರ ಪಟ್ಟಿಯಲ್ಲಿದೆ. ಹತ್ತಿರದಲ್ಲೇ 1125 ಮೀಟರಿನ ಕೊಂಗೊ ಬೆಟ್ಟ. ಕೊಂಗೊ ಅಂದರೆ ನಮ್ಮ ವಜ್ರ. ತೊಂದಾಬಾಯಾಶಿ ನಿಲ್ದಾಣದಿಂದ ಹೋಗುವ ಬಸ್ಸಿನ ವ್ಯವಸ್ಥೆ 2023ರ ಡಿಸೆಂಬರಿನಿಂದ ಬದಲಾಗಿದೆ, ಹೊಸ ವೇಳಾಪಟ್ಟಿ ನೋಡಿ.

ಸೆಪ್ಟೆಂಬರ್ ಕೊನೆಯಲ್ಲಿ ನೊಸೆಯ ಗದ್ದೆ ಅಂಚಿನಲ್ಲಿ ಕೆಂಪು ಹಿಗನ್‌ಬಾನಾ ಹೂವು, ಅದರ ಹಿಂದೆಯೇ ಗಿನ್ಯೊಸೆ ಎಂಬ ಅಲ್ಲಿನ ಪ್ರಸಿದ್ಧ ಕುರಿ ಹಣ್ಣು, ಅಂದರೆ ಚೆಸ್ಟ್‌ನಟ್ಟಿನ ಕಾಲ. ಆಗ ಮತ್ತೆ ಹೋಗಬೇಕು ಅಂತ ನಾವು ಆರು ಜನ ಮಾತಾಡಿಕೊಂಡಿದ್ದೇವೆ. ಬರುವವರು ಧಾರವಾಡದಕ್ಕನಿಗೆ ಹೇಳಿ. ಅಜ್ಜರ ಆ ಮೂಲೆಯ ಸಸಿ ಹೇಗೆ ಬಂದಿದೆ ಅಂತ ನನಗೂ ನೋಡಬೇಕು, ಅಪ್ಪಯ್ಯನ ಪ್ರಶ್ನೆಯೂ ಬಾಕಿ ಇದೆ.

ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ನಾನು ಊರಲ್ಲಿರ್ತೀನಿ, ಹನ್ನೆರಡು ದಿನ. ಕಾರ್ಖಾನೆಯಲ್ಲಿ ಕಾರಣ ಕೇಳಿದರು. ತಾಉಎ, ಗದ್ದೆ ನಟ್ಟಿ, ಅಂತ ಬರೆದೆ. ಮೇಸ್ತ್ರಿ ಅದನ್ನು ಎರಡು ಸಲ ಓದಿ ಸೀಲ್ ಒತ್ತಿದರು.